ಗ್ಯಾಸ್ಕೆಟ್ ಇಲ್ಲದೆ, ಬೇಕಾದಾಗ ಬಿಚ್ಚಬಹುದಾದ ಪೈಪ್ ಜೋಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೋಹದ ಮೇಲೆ ಲೋಹ ನೇರವಾಗಿ ಕೂತು, ನಡುವೆ ರಬ್ಬರ್, ಗ್ಯಾಸ್ಕೆಟ್, ಟೇಪ್ ಏನೂ ಇಲ್ಲದೆ ಸೋರದಂತೆ ನಿಲ್ಲುವ ಜೋಡಣೆಗಳ ಬಗ್ಗೆ ಈ ಪುಟ. ಇವು ಎರಡು ಸ್ಪ್ಯಾನರ್‌ಗೆ ಬಿಚ್ಚಿಕೊಳ್ಳಬೇಕು, ಒರೆಸಿ ಮತ್ತೆ ಕೂರಿಸಿದರೆ ಮತ್ತೆ ಹಿಡಿಯಬೇಕು. ಹಳೆ ಗ್ಯಾಸ್ಕೆಟ್ ಕೆರೆಯುತ್ತಾ ಕೂರುವ ಕೆಲಸ ಇರಬಾರದು. ಇದು ಖಂಡಿತ ಸಾಧ್ಯ. ಆದರೆ ಅದರ ಹಿಂದಿನ ಕಾರಣ ಗೊತ್ತಿಲ್ಲದೆ ಮಾಡಿದರೆ ಪ್ರತಿ ಸಲವೂ ಅದೃಷ್ಟ ನಂಬಿಕೊಂಡು ನಟ್ ತಿರುಗಿಸಬೇಕಾಗುತ್ತದೆ.

ನಡುವೆ ಏನೂ ಇಲ್ಲದೆ ಎರಡು ಲೋಹ ಸೋರದಂತೆ ಹೇಗೆ ಕೂರುತ್ತವೆ?

ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈ ಮೇಲೆ ಸಣ್ಣ ಸಣ್ಣ ಉಬ್ಬು ತಗ್ಗು ಇದ್ದೇ ಇರುತ್ತವೆ. ಎರಡು ಮೈ ಸುಮ್ನೆ ತಾಗಿದರೆ ಉಬ್ಬುಗಳು ಮಾತ್ರ ಮುಟ್ಟುತ್ತವೆ, ತಗ್ಗುಗಳ ಮೂಲಕ ನೀರೋ ಗಾಳಿಯೋ ದಾರಿ ಮಾಡಿಕೊಳ್ಳುತ್ತದೆ. ಈ ದಾರಿ ಮುಚ್ಚಬೇಕಾದರೆ ಎರಡರಲ್ಲಿ ಮೆತ್ತಗಿರುವ ಲೋಹ ನಿಜಕ್ಕೂ ನಲುಗಿ, ಗಟ್ಟಿ ಲೋಹದ ತಗ್ಗುಗಳೊಳಗೆ ಹರಿಯಬೇಕು. ಗ್ಯಾಸ್ಕೆಟ್ ಮಾಡುವ ಕೆಲಸವೂ ಇದೇ. ಇಲ್ಲಿ ಪೈಪಿನ ಲೋಹವೇ ಆ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಬೇಕಾದ ಒತ್ತಡ ರಬ್ಬರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಅಷ್ಟು ಒತ್ತಡ ಅಗಲವಾದ ಮೈ ಮೇಲೆ ಹುಟ್ಟಿಸಲು ಕೈಯಿಂದ ಆಗುವುದಿಲ್ಲ. ಅದಕ್ಕೇ ಒಳ್ಳೆಯ ಜೋಡಣೆಗಳಲ್ಲಿ ಎರಡು ಭಾಗ ಒಂದು ಸಣ್ಣ ಉಂಗುರದಂಥ ಗೆರೆಯಲ್ಲಿ ಮಾತ್ರ ತಾಗುತ್ತವೆ. ಇಡೀ ನಟ್ಟಿನ ಎಳೆತ ಆ ಗೆರೆಯ ಮೇಲೆ ಬೀಳುತ್ತದೆ.

ತಾಗುವ ಗೆರೆ ಅಗಲವಾದಷ್ಟೂ ಒಳ್ಳೆಯದಲ್ವಾ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ.

ಸೀಟಿನ, ಅಂದರೆ ಎರಡು ಭಾಗ ತಾಗಿ ಕೂರುವ ಜಾಗದ, ಸರಾಸರಿ ವ್ಯಾಸ 20 ಮಿ.ಮೀ. ಅಂದುಕೊಳ್ಳಿ, ಪೈಪಿನ ಒಳಗೆ 100 ಬಾರ್ (10 ಮೆಗಾಪಾಸ್ಕಲ್) ಒತ್ತಡ. ಆ ವೃತ್ತದ ವಿಸ್ತೀರ್ಣ 314 ಚದರ ಮಿ.ಮೀ. ಒಳಗಿನ ಒತ್ತಡ ಜೋಡಣೆಯನ್ನು ಬೇರೆ ಮಾಡಲು ಸುಮಾರು 3,140 ನ್ಯೂಟನ್ ಬಲದಿಂದ ತಳ್ಳುತ್ತದೆ. ಅಂದರೆ ಸುಮಾರು 320 ಕೆ.ಜಿ. ತೂಕದಷ್ಟು. ನಟ್ ಇದಕ್ಕಿಂತ ಸಾಕಷ್ಟು ಹೆಚ್ಚು ಎಳೆಯಲೇಬೇಕು. 10,000 ನ್ಯೂಟನ್ ಇಟ್ಟುಕೊಳ್ಳೋಣ.

ಸೀಟು 60 ಡಿಗ್ರಿ ಟೇಪರ್ (ಒಂದು ಕಡೆಗೆ ಸಪೂರವಾಗುತ್ತಾ ಹೋಗುವ ಶಂಕುವಿನ ಆಕಾರ) ಆಗಿದ್ದರೆ, ಘರ್ಷಣೆಯನ್ನು ಕಳೆದ ಮೇಲೂ ಸೀಟಿನ ಮೈಗೆ ನೇರವಾಗಿ ಸುಮಾರು 16,000 ನ್ಯೂಟನ್ ಬೀಳುತ್ತದೆ. ಟೇಪರಿನ ಲಾಭವೇ ಅದು, ಬೆಣೆ ಹೊಡೆದ ಹಾಗೆ ಬಲ ಹೆಚ್ಚುತ್ತದೆ. ಈಗ ತಾಗುವ ಗೆರೆ 2 ಮಿ.ಮೀ. ಅಗಲ ಇದ್ದರೆ ಅಲ್ಲಿನ ಒತ್ತಡ ಸುಮಾರು 130 ಮೆಗಾಪಾಸ್ಕಲ್. ಹಿತ್ತಾಳೆ ಇದಕ್ಕೆ ಜಗ್ಗುವುದಿಲ್ಲ, ಉಬ್ಬು ತಗ್ಗು ಹಾಗೇ ಉಳಿಯುತ್ತವೆ. ಅದೇ ಗೆರೆ 0.2 ಮಿ.ಮೀ. ಇದ್ದರೆ ಒತ್ತಡ 1,200 ಮೆಗಾಪಾಸ್ಕಲ್ ದಾಟುತ್ತದೆ. ಹಿತ್ತಾಳೆ ನಲುಗಿ ಹರಿಯುತ್ತದೆ, ಗೆರೆ ತಾನಾಗಿ ಸ್ವಲ್ಪ ಅಗಲವಾಗುತ್ತದೆ, ಒತ್ತಡ ಲೋಹ ತಡೆಯುವ ಮಟ್ಟಕ್ಕೆ ಇಳಿದಾಗ ನಿಲ್ಲುತ್ತದೆ. ಆ ಹೊತ್ತಿಗೆ ಸುತ್ತಲೂ ತುಂಡಾಗದ ಒಂದು ಉಂಗುರ ಮೂಡಿರುತ್ತದೆ. ಜೋಡಣೆ ತನ್ನ ಸೀಟನ್ನು ತಾನೇ ತಯಾರಿಸಿಕೊಂಡಿತು.

ಆದ್ದರಿಂದ ಸೋರುವ ಜೋಡಣೆಯನ್ನು ಉಜ್ಜಿ ಉಜ್ಜಿ ಅಗಲ ಮಾಡುವುದು ತಪ್ಪು ದಿಕ್ಕಿನ ಕೆಲಸ.

ಥ್ರೆಡ್ಡೇ ಸೋರಿಕೆ ತಡೆಯುವುದಿಲ್ಲವೇ?

ಈ ಬಗೆಯ ಜೋಡಣೆಯಲ್ಲಿ ಇಲ್ಲ. ಥ್ರೆಡ್ ಎಳೆಯುತ್ತದೆ, ಸೀಟು ಮುಚ್ಚುತ್ತದೆ. ಎರಡೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಜಾಗ. ನಟ್ಟಿನ ಒಳಗೆ ದ್ರವ ಬರಲೇಬಾರದು. ಬಂದಿದೆ ಅಂದರೆ ಸೀಟು ಆಗಲೇ ಸೋತಿದೆ.

ಟೇಪರ್ ಥ್ರೆಡ್ ಇರುವ ಮಾಮೂಲಿ ಪೈಪ್ ಫಿಟಿಂಗ್ ಕಥೆ ಬೇರೆ. ಅಲ್ಲಿ 16ಕ್ಕೆ 1ರ ಇಳಿಜಾರಿನಲ್ಲಿ ಥ್ರೆಡ್‌ಗಳೇ ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತವೆ. ಆದರೂ ಥ್ರೆಡ್ಡಿನ ತುದಿ ಮತ್ತು ತಳದ ನಡುವೆ ಸುರುಳಿಯಾಗಿ ಒಂದು ಸಂದು ಉಳಿಯುತ್ತದೆ, ಅದನ್ನು ಮುಚ್ಚಲು ಟೇಪೋ ಪೇಸ್ಟೋ ಬೇಕು. ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ಥ್ರೆಡ್ ಸವೆಯುತ್ತದೆ, ಇನ್ನಷ್ಟು ಒಳಗೆ ಹೋಗುತ್ತದೆ, ಎಲ್ಬೋ ಯಾವ ದಿಕ್ಕಿಗೆ ನಿಲ್ಲುತ್ತದೋ ಹೇಳಲಾಗುವುದಿಲ್ಲ. ಪದೇ ಪದೇ ಬಿಚ್ಚುವ ಜಾಗಕ್ಕೆ ಅದು ಬೇಡ.

ಹಾಗಾದರೆ ಯಾವ ಯಾವ ಬಗೆಗಳಿವೆ?

ಬಳಕೆಯಲ್ಲಿ ಜಾಸ್ತಿ ಕಾಣುವುದು ಫ್ಲೇರ್. ಪೈಪಿನ ತುದಿಯನ್ನೇ ತುತ್ತೂರಿಯಂತೆ ಅಗಲಿಸಿ, ಟೇಪರ್ ಮೂತಿಯ ಮೇಲೆ ಕೂರಿಸಿ, ಹಿಂದಿನಿಂದ ನಟ್ ಒತ್ತುತ್ತದೆ. ಏಸಿ, ಫ್ರಿಜ್ ಪೈಪು, ಹೈಡ್ರಾಲಿಕ್ ಲೈನು, ವಾಹನದ ಬ್ರೇಕ್ ಪೈಪು ಎಲ್ಲದರಲ್ಲೂ ಇದರ ಒಂದಲ್ಲ ಒಂದು ರೂಪ ಇದೆ. ಬ್ರೇಕ್ ಪೈಪಿನಲ್ಲಿ ತುದಿಯನ್ನು ಒಳಕ್ಕೆ ಮಡಚಿ ಎರಡು ಪದರ ಮಾಡುತ್ತಾರೆ, ತೆಳು ಉಕ್ಕಿನ ಪೈಪು ಒಂದೇ ಪದರದಲ್ಲಿ ಸೀಳಬಾರದು ಅಂತ.

ಎರಡನೆಯದು ಯೂನಿಯನ್. ಮೂರು ತುಂಡು: ಒಂದು ಕಡೆ ಗುಂಡು ಮೂತಿ, ಇನ್ನೊಂದು ಕಡೆ ಟೇಪರ್ ಬಟ್ಟಲು, ಎರಡನ್ನೂ ಸೇರಿಸುವ ದೊಡ್ಡ ನಟ್. ಕಬ್ಬಿಣದ ಯೂನಿಯನ್‌ಗಳಲ್ಲಿ ಒಂದು ಬದಿಗೆ ಹಿತ್ತಾಳೆ ಅಥವಾ ಕಂಚಿನ ಸೀಟು ಕೂರಿಸಿರುತ್ತಾರೆ. ಹಬೆ ಹರಿಯುವ ಪೈಪುಗಳಲ್ಲಿ ಇದು ಬಹಳ ಕಾಲದಿಂದ ಇದೆ. ಬಿಚ್ಚುವಾಗ ಪೈಪನ್ನು ತಿರುಗಿಸಬೇಕಾಗಿಲ್ಲ ಅನ್ನುವುದೇ ಇದರ ದೊಡ್ಡ ಗುಣ.

ಮೂರನೆಯದು ಕಂಪ್ರೆಷನ್ ಫಿಟಿಂಗ್. ಪೈಪಿನ ಮೇಲೆ ಒಂದು ಲೋಹದ ಉಂಗುರ, ಅಂದರೆ ಫೆರೂಲ್, ತೊಡಿಸಿ ನಟ್ ಬಿಗಿದರೆ ಅದು ಪೈಪನ್ನು ಕಚ್ಚಿಕೊಳ್ಳುತ್ತದೆ, ಮುಂದಿನ ಟೇಪರಿನಲ್ಲೂ ಕೂರುತ್ತದೆ. ಒಮ್ಮೆ ಕಚ್ಚಿದ ಫೆರೂಲ್ ಪೈಪಿನಿಂದ ಬರುವುದಿಲ್ಲ, ಆದರೆ ಜೋಡಣೆಯನ್ನು ಎಷ್ಟೋ ಸಲ ಬಿಚ್ಚಿ ಹಾಕಬಹುದು.

ಇನ್ನು ತುಂಬಾ ಹೆಚ್ಚಿನ ಒತ್ತಡಕ್ಕೆ ಪೈಪಿನ ತುದಿಯನ್ನೇ ಟೇಪರಾಗಿ ಕಡೆದು ಕೂರಿಸುವ ಬಗೆ ಇದೆ. ಅದಕ್ಕೆ ಮುಂದೆ ಬರುತ್ತೇನೆ.

37 ಡಿಗ್ರಿ, 45 ಡಿಗ್ರಿ, 24 ಡಿಗ್ರಿ, 60 ಡಿಗ್ರಿ... ಈ ಲೆಕ್ಕ ಏನು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಫ್ಲೇರ್‌ನಲ್ಲಿ 37 ಮತ್ತು 45 ಅನ್ನುವುದು ನಡುಗೆರೆಯಿಂದ ಒಂದು ಬದಿಗೆ ಇರುವ ಕೋನ. ಎರಡೂ ಬದಿ ಸೇರಿದರೆ 74 ಮತ್ತು 90. ಆದರೆ 24 ಡಿಗ್ರಿ ಟೇಪರ್, 60 ಡಿಗ್ರಿ ಟೇಪರ್ ಅಂದಾಗ ಹೇಳುತ್ತಿರುವುದು ಪೂರ್ತಿ ಕೋನ. ಲೇತ್‌ನಲ್ಲಿ ಕಾಂಪೌಂಡ್ ಸ್ಲೈಡ್ (ಟೂಲನ್ನು ಓರೆಯಾಗಿ ನಡೆಸುವ ಭಾಗ) ತಿರುಗಿಸುವ ಮುಂಚೆ ಇದನ್ನು ನೋಡಿಕೊಳ್ಳದಿದ್ದರೆ ತುಂಡು ವ್ಯರ್ಥ.

37 ಡಿಗ್ರಿ ಫ್ಲೇರ್ ಅಮೆರಿಕದ ಸೇನೆಯ ವಿಮಾನಗಳ ಮಾನದಂಡದಿಂದ ಬಂದು ಕಾರ್ಖಾನೆಗಳ ಹೈಡ್ರಾಲಿಕ್ಸ್‌ಗೆ ಇಳಿಯಿತು. ಜೆಐಸಿ ಅನ್ನುವುದು ಅದನ್ನೇ. ಈಗ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 8434ರ ಎರಡನೇ ಭಾಗದಲ್ಲಿದೆ. 24 ಡಿಗ್ರಿಯದು ಅದೇ ಮಾನದಂಡದ ಮೊದಲ ಭಾಗ. 45 ಡಿಗ್ರಿ ಫ್ಲೇರ್ ಏಸಿ, ಫ್ರಿಜ್ ತಾಮ್ರದ ಪೈಪುಗಳದ್ದು. ಡೀಸೆಲ್ ಎಂಜಿನ್ನಿನ ಇಂಜೆಕ್ಟರ್ ಪೈಪುಗಳಲ್ಲಿ 60 ಡಿಗ್ರಿ ಸೀಟು ಕಾಣುತ್ತದೆ.

ಕೋನ ಚೂಪಾದಷ್ಟೂ ಅದೇ ನಟ್ಟಿನ ಬಿಗಿಗೆ ಸೀಟಿನ ಮೇಲೆ ಹೆಚ್ಚು ಒತ್ತಡ ಬರುತ್ತದೆ. ಹಾಗಂತ ತೀರಾ ಚೂಪು ಮಾಡುವಂತಿಲ್ಲ. ಒಂದು ಬದಿಯ ಕೋನ 8 ಡಿಗ್ರಿಗಿಂತ ಕೆಳಗೆ ಹೋದರೆ ಘರ್ಷಣೆಯೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ನಟ್ ಬಿಚ್ಚಿದರೂ ತುಂಡುಗಳು ಬೇರೆ ಆಗುವುದಿಲ್ಲ. ಡ್ರಿಲ್ ಬಿಟ್ಟಿನ ಮೋರ್ಸ್ ಟೇಪರ್ ಹಿಡಿದುಕೊಳ್ಳುವುದೂ ಹೀಗೇ. ಅಲ್ಲಿ ಅದು ಬೇಕು, ಇಲ್ಲಿ ಬೇಡ. 24 ಡಿಗ್ರಿ ಸೀಟಿನ ಒಂದು ಬದಿ 12 ಡಿಗ್ರಿ, ಅಂದರೆ ಸಿಕ್ಕಿಕೊಳ್ಳುವ ಗಡಿಯಿಂದ ಸ್ವಲ್ಪವೇ ಆಚೆ. ನೀವೇ ಕಡೆಯುವುದಾದರೆ 60 ಡಿಗ್ರಿ ಆರಿಸಿಕೊಳ್ಳಿ. ಟೂಲ್ ಸುಲಭವಾಗಿ ಸಿಗುತ್ತದೆ, ಬಲ ಸಾಕಷ್ಟು ಹೆಚ್ಚುತ್ತದೆ, ಬಿಚ್ಚಲು ಒದ್ದಾಟವಿಲ್ಲ.

37 ಮತ್ತು 45 ಡಿಗ್ರಿ ಫಿಟಿಂಗ್ ಒಂದಕ್ಕೊಂದು ಕೂರುತ್ತವೆ. ಹಾಕಬಹುದಾ?

ದಯವಿಟ್ಟು ಬೇಡ. ಕಾಲು ಇಂಚಿನ ಪೈಪಿಗೆ ಎರಡೂ ಬಗೆಯಲ್ಲಿ ಥ್ರೆಡ್ 7/16-20, ಅಂದರೆ 7/16 ಇಂಚು ವ್ಯಾಸ, ಇಂಚಿಗೆ 20 ಸುತ್ತು. ಅರ್ಧ ಇಂಚಿಗೆ ಎರಡರಲ್ಲೂ 3/4-16. ನಟ್ ಸರಾಗವಾಗಿ ಏರುತ್ತದೆ, ಬಿಗಿಯೂ ಆಗುತ್ತದೆ. ಆದರೆ 8 ಡಿಗ್ರಿ ವ್ಯತ್ಯಾಸದಿಂದ ಸೀಟು ಒಂದು ಅಂಚಿನಲ್ಲಿ ಮಾತ್ರ ತಾಗಿ, ಫ್ಲೇರ್ ಬಾಗಿ, ತೆಳುವಾಗಿ, ಕೊನೆಗೆ ಬಿರುಕು ಬಿಡುತ್ತದೆ. ಮೊದಲ ದಿನ ಸೋರದೇ ಇರಬಹುದು, ಅದೇ ಅಪಾಯ. 3/8 ಇಂಚಿನಲ್ಲಿ ಥ್ರೆಡ್ ಬೇರೆ: 37ಕ್ಕೆ 9/16-18, 45ಕ್ಕೆ 5/8-18. ಅನುಮಾನ ಬಂದರೆ ಕೋನ ಅಳೆಯುವ ಗೇಜ್ ಇಟ್ಟು ನೋಡಿ, ಕಣ್ಣಳತೆ ನಂಬಬೇಡಿ.

ಎರಡೂ ಟೇಪರ್ ಒಂದೇ ಕೋನದಲ್ಲಿ ಕಡೆದರೆ ಪರ್ಫೆಕ್ಟ್ ಆಗಿ ಕೂರುವುದಿಲ್ಲವೇ?

ಕಾಗದದ ಮೇಲೆ ಕೂರುತ್ತದೆ. ಲೇತ್‌ನಲ್ಲಿ ಕಡೆದ ಎರಡು ತುಂಡಿನ ಕೋನ ಯಾವತ್ತೂ ಪೂರ್ತಿ ಒಂದೇ ಆಗಿರುವುದಿಲ್ಲ. ತಪ್ಪು ಯಾವ ಕಡೆಗೆ ಹೋಗುತ್ತದೆ ಅನ್ನುವುದನ್ನು ಅದೃಷ್ಟಕ್ಕೆ ಬಿಡುವ ಬದಲು, ಬೇಕೆಂದೇ ಒಂದು ಡಿಗ್ರಿ ವ್ಯತ್ಯಾಸ ಇಡುತ್ತಾರೆ. ಹೆಚ್ಚಿನ ಒತ್ತಡದ ಫಿಟಿಂಗ್‌ಗಳಲ್ಲಿ ಪೈಪಿನ ತುದಿ 59 ಡಿಗ್ರಿ, ಸೀಟು 60 ಡಿಗ್ರಿ. ಹಾಗೆ ಮಾಡಿದರೆ ಗೆರೆ ಒಳಗಿನ ಸಣ್ಣ ವ್ಯಾಸದ ಕಡೆ ಬೀಳುತ್ತದೆ. ವ್ಯಾಸ ಸಣ್ಣದಾದರೆ ಒಳಗಿನ ಒತ್ತಡ ತಳ್ಳುವ ಬಲವೂ ಕಡಿಮೆ. ಈ ಬಗೆಯ ಫಿಟಿಂಗ್‌ಗಳು 4,000 ಬಾರ್ ಆಸುಪಾಸಿನ ಒತ್ತಡವನ್ನೂ ರಬ್ಬರ್ ಚೂರಿಲ್ಲದೆ ತಡೆಯುತ್ತವೆ.

ಅದರಲ್ಲಿ ಇನ್ನೊಂದು ವಿವರ ನನಗೆ ತುಂಬಾ ಇಷ್ಟ. ಸೀಟಿನ ಹಿಂದೆ, ಫಿಟಿಂಗ್‌ನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಸೀಟು ಸೋರಿದರೆ ದ್ರವ ಅಲ್ಲಿಂದ ಹೊರಗೆ ಬರುತ್ತದೆ. ಒತ್ತಡ ಥ್ರೆಡ್ ಮೇಲೆ ಕಟ್ಟಿಕೊಳ್ಳುವುದಿಲ್ಲ, ಸೋರಿಕೆ ಎಲ್ಲಿಂದ ಅನ್ನುವುದೂ ಗೊತ್ತಾಗುತ್ತದೆ. ಆ ತೂತಿಗೆ ಬಣ್ಣ ಬಳಿದು ಮುಚ್ಚುವವರಿದ್ದಾರೆ. ಮುಚ್ಚಬೇಡಿ.

ಟೇಪರ್-ಟೇಪರ್ ಒಳ್ಳೆಯದಾ, ಗುಂಡು ಮೂತಿ-ಟೇಪರ್ ಒಳ್ಳೆಯದಾ?

ಮನೆಯ ಲೇತ್‌ನಲ್ಲಿ ಮಾಡುವವರಿಗೆ ನಾನು ಯಾವತ್ತೂ ಹೇಳುವುದು ಗುಂಡು ಮೂತಿ. ಗುಂಡು ಮೂತಿ ಟೇಪರಿನಲ್ಲಿ ಕೂತಾಗ ತಾಗುವುದು ತಾನಾಗಿಯೇ ಒಂದು ಗೆರೆ. ಪೈಪು ಒಂದೆರಡು ಡಿಗ್ರಿ ಓರೆ ಇದ್ದರೂ ಗೆರೆ ವೃತ್ತವಾಗಿಯೇ ಉಳಿಯುತ್ತದೆ. ಎರಡು ಟೇಪರ್ ಇದ್ದಾಗ ಅಷ್ಟೇ ಓರೆಗೆ ಒಂದು ಬದಿ ಬಿಗಿ, ಇನ್ನೊಂದು ಬದಿ ಖಾಲಿ. ಕೆಲಸದ ಜಾಗದಲ್ಲಿ ಪೈಪುಗಳು ಯಾವಾಗಲೂ ಸ್ವಲ್ಪ ಓರೆ ಇರುತ್ತವೆ.

ನಾನೇ ಲೇತ್‌ನಲ್ಲಿ ಮಾಡುವುದಾದರೆ ಹೇಗೆ?

ಮೆತ್ತಗಿನ ಲೋಹದಲ್ಲಿ ಮೂತಿ, ಗಟ್ಟಿ ಲೋಹದಲ್ಲಿ ಬಟ್ಟಲು. ಹಿತ್ತಾಳೆ ಮೂತಿ, ಉಕ್ಕಿನ ಬಟ್ಟಲು ಅಂದರೆ ಒಳ್ಳೆಯ ಜೋಡಿ. ಸವೆಯಬೇಕಾದದ್ದು ಬದಲಿಸಲು ಸುಲಭವಾದ ತುಂಡು, ಆದ್ದರಿಂದ ಯಾವ ಕಡೆ ಕಳಚಿ ಬರುತ್ತದೋ ಆ ಕಡೆ ಮೆತ್ತಗಿನದನ್ನು ಇಡಿ.

ಬಟ್ಟಲಿನ ತೂತು, ಟೇಪರ್, ಥ್ರೆಡ್ ಮೂರನ್ನೂ ಚಕ್‌ನಿಂದ ತೆಗೆಯದೆ ಒಂದೇ ಹಿಡಿತದಲ್ಲಿ ಮುಗಿಸಿ. ತೆಗೆದು ಮತ್ತೆ ಹಿಡಿದರೆ ನಡುಗೆರೆ ತಪ್ಪುತ್ತದೆ, ಥ್ರೆಡ್ ಒಂದು ಕಡೆಗೆ ಎಳೆದರೆ ಸೀಟು ಇನ್ನೊಂದು ಕಡೆಗೆ ನೋಡುತ್ತದೆ. ಕೊನೆಯ ಕಟ್ ಚೂಪಾದ ಟೂಲಿನಿಂದ, ಕಡಿಮೆ ಫೀಡ್‌ನಲ್ಲಿ (ಒಂದು ಸುತ್ತಿಗೆ ಟೂಲ್ ಮುಂದೆ ಸರಿಯುವ ದೂರ), ಎಣ್ಣೆ ಹಾಕಿ ತೆಗೆಯಿರಿ. ಸೀಟಿನ ನುಣುಪು 0.8 ಮೈಕ್ರೋಮೀಟರ್ ಆರ್‌ಎ (ಉಬ್ಬು ತಗ್ಗಿನ ಸರಾಸರಿ ಅಳತೆ) ಅಥವಾ ಅದಕ್ಕಿಂತ ಉತ್ತಮ ಇರಲಿ. ಲೇತ್ ಬಿಡುವ ಗೆರೆ ನಿಜವಾಗಿ ಒಂದು ಸುರುಳಿ. ಒಳಗಿನಿಂದ ಹೊರಗಿನವರೆಗೆ ಅದೇ ಒಂದು ಉದ್ದ ಕಾಲುವೆ. ಫೀಡ್ ಸಣ್ಣದಾದಷ್ಟೂ ಕಾಲುವೆ ಆಳ ಕಡಿಮೆ, ಉದ್ದ ಜಾಸ್ತಿ, ಮೆತ್ತಗಿನ ಲೋಹ ಅದನ್ನು ಸುಲಭವಾಗಿ ತುಂಬುತ್ತದೆ.

ಆಮೇಲೆ ಎಮರಿ ಪೇಪರ್ ಹಿಡಿಯುವುದಾದರೆ ತುಂಡು ತಿರುಗುವ ದಿಕ್ಕಿನಲ್ಲಿ ಮಾತ್ರ. ಸುತ್ತಲಿನ ಗೀರು ಪರವಾಗಿಲ್ಲ. ಅಡ್ಡ ಗೀರು, ಅಂದರೆ ಒಳಗಿನಿಂದ ಹೊರಗೆ ಹೋಗುವ ಗೀರು, ಒಂದೇ ಇದ್ದರೂ ಸಾಕು ಸೋರಲು. ಬೆರಳ ಉಗುರಿಗೆ ತಗಲುವ ಅಡ್ಡ ಗೀರು ಇದ್ದರೆ ಆ ಸೀಟನ್ನು ಮತ್ತೆ ಕಡೆಯಲೇಬೇಕು.

ನಟ್ಟಿನ ಒಳ ಭುಜ ಮೂತಿಯ ಹಿಂಭಾಗವನ್ನು ಒತ್ತುವ ಜಾಗವನ್ನೂ ನುಣುಪಾಗಿಡಿ. ಅಲ್ಲಿ ಒರಟಿದ್ದರೆ ನಟ್ ತಿರುಗುವಾಗ ಮೂತಿಯನ್ನೂ ಜೊತೆಗೆ ತಿರುಗಿಸುತ್ತದೆ, ಸೀಟು ಉಜ್ಜಿ ಹಾಳಾಗುತ್ತದೆ.

ಸರಿಯಾಗಿ ಕೂತಿದೆಯೋ ಇಲ್ಲವೋ ನೀರು ಬಿಡುವ ಮುಂಚೆಯೇ ನೋಡಬಹುದಾ?

ನೋಡಬಹುದು, ನೋಡಲೇಬೇಕು. ಮೂತಿಗೆ ಮಾರ್ಕಿಂಗ್ ನೀಲಿಯನ್ನು (ತಾಗಿದ ಜಾಗ ತೋರಿಸುವ ನೀಲಿ ಬಣ್ಣದ ಪೇಸ್ಟ್) ಬಹಳ ತೆಳುವಾಗಿ ಹಚ್ಚಿ. ಬೆರಳಲ್ಲಿ ಹಚ್ಚಿ, ಒರೆಸಿದ ಹಾಗೆ ಮಾಡಿದರೆ ಉಳಿಯುವಷ್ಟು ಸಾಕು. ಬಟ್ಟಲಿನಲ್ಲಿ ಕೂರಿಸಿ, ಕೈಯಿಂದ ಒತ್ತಿ, ಸ್ವಲ್ಪವೇ ಆಚೀಚೆ ತಿರುಗಿಸಿ ತೆಗೆಯಿರಿ. ಬಟ್ಟಲಿನಲ್ಲಿ ಸಪೂರ, ಎಲ್ಲೂ ತುಂಡಾಗದ ನೀಲಿ ಉಂಗುರ ಬಿದ್ದಿರಬೇಕು. ಅರ್ಧಚಂದ್ರ ಬಿದ್ದರೆ ಓರೆ ಇದೆ. ಎರಡು ಎದುರು ಬದಿಗೆ ಮಾತ್ರ ಬಿದ್ದರೆ ಮೂತಿ ಮೊಟ್ಟೆಯಾಕಾರ ಆಗಿದೆ, ಬಹುಶಃ ಚಕ್‌ನಲ್ಲಿ ಹಿಂಡಿದೆ. ಅಗಲ ಪಟ್ಟಿ ಬಿದ್ದರೆ ಟೇಪರಿನ ಕೋನ ತೀರಾ ಹೊಂದಿಕೊಂಡಿದೆ.

ಉಂಗುರ ಒಂದು ಕಡೆ ಕೂದಲೆಳೆಯಷ್ಟು ತುಂಡಾಗಿದ್ದರೆ ಲ್ಯಾಪಿಂಗ್ ಪೇಸ್ಟ್‌ನಿಂದ (ಸಣ್ಣ ಗಟ್ಟಿ ಕಣಗಳಿರುವ ಉಜ್ಜುವ ಪೇಸ್ಟ್) ಸ್ವಲ್ಪ ಉಜ್ಜಬಹುದು. ಎರಡು ತುಂಡನ್ನೇ ಒಂದಕ್ಕೊಂದು ಹೊತ್ತುಗಟ್ಟಲೆ ಉಜ್ಜಬೇಡಿ, ಗೆರೆ ಪಟ್ಟಿಯಾಗುತ್ತದೆ. ಉಜ್ಜಿದ ಮೇಲೆ ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯಿರಿ. ಹಿತ್ತಾಳೆಯೊಳಗೆ ಕಣ ಹುದುಗಿಕೊಂಡರೆ ಅದು ಎದುರಿನ ಸೀಟನ್ನು ಪ್ರತಿ ಸಲವೂ ಗೀರುತ್ತದೆ.

ತಾಮ್ರದ ಪೈಪಿಗೆ ಫ್ಲೇರ್ ಮಾಡುವಾಗ ಏನು ಗಮನಿಸಬೇಕು?

ಪೈಪ್ ಕಟರ್‌ನಿಂದ ನೇರವಾಗಿ ಕತ್ತರಿಸಿ. ಗರಗಸ ಬೇಡ, ಪುಡಿ ಒಳಗೆ ಬೀಳುತ್ತದೆ. ಒಳ ಅಂಚಿನ ಮುಳ್ಳನ್ನು ಪೈಪಿನ ಬಾಯಿ ಕೆಳಗೆ ಮಾಡಿ ಹಿಡಿದು ರೀಮರ್‌ನಿಂದ ತೆಗೆಯಿರಿ. ಮುಳ್ಳು ಉಳಿದರೆ ಅದು ಫ್ಲೇರ್‌ನ ಸೀಟಿನ ಮೇಲೆಯೇ ಮಡಚಿಕೊಳ್ಳುತ್ತದೆ. ಹಾಗಂತ ಅಂಚು ಚಾಕುವಿನಂತೆ ತೆಳುವಾಗುವಷ್ಟು ಕೆರೆಯಬೇಡಿ, ಅಂಥ ಅಂಚು ಅಗಲಿಸುವಾಗ ಸೀಳುತ್ತದೆ.

ಫ್ಲೇರ್ ಮಾಡುವ ಮುಂಚೆ ನಟ್ ತೊಡಿಸಿ! ಆಮೇಲೆ ತೊಡಿಸಲು ಆಗುವುದಿಲ್ಲ.

ಟೂಲಿನ ಮೂತಿಗೆ ಒಂದು ಹನಿ ಎಣ್ಣೆ, ನಿಧಾನಕ್ಕೆ ತಿರುಗಿಸಿ. ಕಾಲು ಇಂಚಿನ ಪೈಪಿಗೆ 45 ಡಿಗ್ರಿ ಫ್ಲೇರ್‌ನ ಹೊರ ವ್ಯಾಸ 8.7ರಿಂದ 9.1 ಮಿ.ಮೀ. ಬರಬೇಕು. ಸಣ್ಣದಾದರೆ ಹಿಡಿತ ಸಾಲದು, ಒತ್ತಡಕ್ಕೆ ಜಾರಿ ಬರಬಹುದು. ದೊಡ್ಡದಾದರೆ ನಟ್ಟಿನ ಒಳಗೋಡೆಗೆ ತಾಗುತ್ತದೆ, ಬಿಗಿದಂತೆ ಅನಿಸುತ್ತದೆ ಆದರೆ ಸೀಟಿನ ಮೇಲೆ ಬಲ ಬಿದ್ದಿರುವುದಿಲ್ಲ. ಮುಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಒಂದೇ ಅಗಲ, ಕನ್ನಡಿಯಂಥ ಒಳಮೈ, ಅಂಚಿನಲ್ಲಿ ಬಿರುಕಿಲ್ಲ ಅಂದರೆ ಸರಿ.

ಅಂಚು ಬಿರುಕು ಬಿಡುತ್ತಲೇ ಇದ್ದರೆ ತಾಮ್ರ ಗಟ್ಟಿಯಾಗಿದೆ. ತುದಿಯನ್ನು ಮಂದ ಕೆಂಪು ಬರುವವರೆಗೆ ಕಾಯಿಸಿ ತಣ್ಣಗಾಗಲು ಬಿಡಿ, ಮೆತ್ತಗಾಗುತ್ತದೆ. ನೀರಿಗೆ ಅದ್ದಿದರೂ ತಾಮ್ರಕ್ಕೆ ತೊಂದರೆ ಇಲ್ಲ, ಅದು ಉಕ್ಕಿನ ಹಾಗೆ ಗಟ್ಟಿಯಾಗುವುದಿಲ್ಲ. ಮೇಲೆ ಬರುವ ಕಪ್ಪು ಪದರ ಮಾತ್ರ ಚೆನ್ನಾಗಿ ಒರೆಸಿ. ಒಳಗೆ ಗ್ಯಾಸ್ ಇರುವ, ಇದ್ದ ಪೈಪನ್ನು ಕಾಯಿಸುವ ಮಾತೇ ಬೇಡ.

ಎಷ್ಟು ಬಿಗಿ ಮಾಡಬೇಕು?

ಟಾರ್ಕ್ ರೆಂಚ್ (ತಿರುಗಿಸುವ ಬಲ, ಅಂದರೆ ಟಾರ್ಕ್, ಅಳೆಯುವ ಸ್ಪ್ಯಾನರ್) ಇದ್ದರೆ ತಯಾರಕರು ಕೊಟ್ಟ ಸಂಖ್ಯೆಯೇ ಮೊದಲ ಮಾತು. ಒಂದು ಅಂದಾಜಿಗೆ, ಏಸಿ ಪೈಪುಗಳ ಕಾಲು ಇಂಚಿನ ಫ್ಲೇರ್ ನಟ್ಟಿಗೆ ಸಾಮಾನ್ಯವಾಗಿ 14ರಿಂದ 18 ನ್ಯೂಟನ್ ಮೀಟರ್, 3/8 ಇಂಚಿಗೆ 33ರಿಂದ 42. ಎರಡು ಫೆರೂಲ್‌ಗಳ ಕಂಪ್ರೆಷನ್ ಫಿಟಿಂಗ್‌ಗೆ ಟಾರ್ಕ್ ನೋಡುವುದಿಲ್ಲ, ಸುತ್ತು ಎಣಿಸುತ್ತಾರೆ. ಕಾಲು ಇಂಚಿನಿಂದ ಒಂದು ಇಂಚಿನವರೆಗೆ ಬೆರಳಲ್ಲಿ ಬಿಗಿದ ಮೇಲೆ ಒಂದೂಕಾಲು ಸುತ್ತು, 3/16 ಇಂಚು ಮತ್ತು ಅದಕ್ಕಿಂತ ಸಣ್ಣದಕ್ಕೆ ಮುಕ್ಕಾಲು ಸುತ್ತು.

ಟಾರ್ಕ್‌ಗಿಂತ ಸುತ್ತಿನ ಲೆಕ್ಕ ಹೆಚ್ಚು ನಂಬಿಕಸ್ತ, ಯಾಕೆಂದರೆ ಟಾರ್ಕ್‌ನ ಬಹುಪಾಲು ಘರ್ಷಣೆಗೇ ಹೋಗುತ್ತದೆ. ಮೇಲಿನ ಉದಾಹರಣೆಯ 10,000 ನ್ಯೂಟನ್ ಎಳೆತಕ್ಕೆ 24 ಮಿ.ಮೀ. ಥ್ರೆಡ್ಡಿನ ಒಣ ನಟ್ಟಿಗೆ ಸುಮಾರು 48 ನ್ಯೂಟನ್ ಮೀಟರ್ ಬೇಕು. ಎಣ್ಣೆ ಹಚ್ಚಿದರೆ 36 ಸಾಕಾಗಬಹುದು. ಒಣ ನಟ್ಟಿನ ಸಂಖ್ಯೆಯನ್ನು ಎಣ್ಣೆ ಹಚ್ಚಿದ ನಟ್ಟಿಗೆ ಹಾಕಿದರೆ ಫ್ಲೇರ್ ತೆಳುವಾಗಿ ಹೋಗುತ್ತದೆ.

ಮೊದಲ ಸಲ ಬಿಗಿದ ಮೇಲೆ ನಟ್ ಮತ್ತು ಫಿಟಿಂಗ್ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ನಟ್ ಸಡಿಲಾದರೆ ದೂರದಿಂದಲೇ ಕಾಣುತ್ತದೆ. ಮುಂದಿನ ಸಲ ಬಿಚ್ಚಿ ಹಾಕುವಾಗ ಆ ಗೆರೆವರೆಗೆ ತಂದು, ಚೂರು ಮುಂದಕ್ಕೆ ತಿರುಗಿಸಿದರೆ ಸಾಕು.

ಬಿಗಿಯುವಾಗ ಯಾವಾಗಲೂ ಎರಡು ಸ್ಪ್ಯಾನರ್. ಒಂದು ಫಿಟಿಂಗ್ ಹಿಡಿಯಲು, ಒಂದು ನಟ್ ತಿರುಗಿಸಲು.

ಟೆಫ್ಲಾನ್ ಟೇಪ್ ಸುತ್ತಿದರೆ ಇನ್ನೂ ಗ್ಯಾರಂಟಿ ಅಲ್ವಾ?

ಇಲ್ಲ. ಥ್ರೆಡ್ ಮೇಲೆ ಸುತ್ತಿದರೆ ಉಪಯೋಗವಿಲ್ಲ, ಸೀಟಿನ ಮೇಲೆ ಬಿದ್ದರೆ ಹಾನಿ. ಥ್ರೆಡ್ಡಿಗೂ ನಟ್ಟಿನ ಒಳ ಭುಜಕ್ಕೂ ಒಂದು ಹನಿ ಎಣ್ಣೆ ಹಾಕಿ. ಆಕ್ಸಿಜನ್ ಲೈನಿಗೆ ಮಾತ್ರ ಯಾವ ಎಣ್ಣೆ, ಗ್ರೀಸೂ ಸೋಕಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ.

ಸೋರುತ್ತಿದೆ. ಇನ್ನೊಂದು ಸುತ್ತು ಬಿಗಿಯಲಾ?

ಮೊದಲು ಒತ್ತಡ ಇಳಿಸಿ. ಒತ್ತಡದಲ್ಲಿರುವ ಜೋಡಣೆಗೆ ಸ್ಪ್ಯಾನರ್ ಹಾಕಬೇಡಿ. ಹೈಡ್ರಾಲಿಕ್ ಲೈನ್ ಆದರೆ ಸೋರಿಕೆಯನ್ನು ಬೆರಳಿನಿಂದ ಹುಡುಕಲೂಬೇಡಿ. ಸೂಜಿಯಷ್ಟು ಸಣ್ಣ ಎಣ್ಣೆಯ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ. ರಟ್ಟಿನ ತುಂಡು ಹಿಡಿದು ನೋಡಿ.

ಗುರುತಿನ ಗೆರೆ ನೋಡಿ. ನಟ್ ಹಿಂದಕ್ಕೆ ತಿರುಗಿದ್ದರೆ ಗೆರೆಗೆ ತನ್ನಿ. ಗೆರೆ ಸರಿಯಾಗಿಯೇ ಇದ್ದೂ ಸೋರುತ್ತಿದ್ದರೆ ಬಿಗಿಯುವುದು ಪರಿಹಾರ ಅಲ್ಲ. ಬಿಚ್ಚಿ ಸೀಟು ನೋಡಿ. ಕೂದಲು, ಲೋಹದ ಪುಡಿ, ಹಳೆ ಟೇಪಿನ ಚೂರು, ಅಡ್ಡ ಗೀರು, ಇವುಗಳಲ್ಲಿ ಒಂದು ಸಿಗುತ್ತದೆ. ನಾನು ನೋಡಿದ ಹಾಳಾದ ಫ್ಲೇರ್‌ಗಳಲ್ಲಿ ಹೆಚ್ಚಿನವು ಸಡಿಲಾಗಿ ಹಾಳಾದವಲ್ಲ, ಕಸದ ಮೇಲೆ ಬಿಗಿ ಬಿಗಿದು ಹಾಳಾದವು. ನಾಲ್ಕು ನಿಮಿಷದಲ್ಲಿ ಒರೆಸಿ ಮುಗಿಸಬಹುದಾದ ಕೆಲಸಕ್ಕೆ ಒಂದು ಒಳ್ಳೆಯ ಸೀಟು ಬಲಿಯಾಗುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಎಷ್ಟು ಸಲ ಬಿಚ್ಚಿ ಹಾಕಬಹುದು?

ಗುಂಡು ಮೂತಿಯ ಯೂನಿಯನ್, ಉಕ್ಕಿನ 37 ಡಿಗ್ರಿ ಫ್ಲೇರ್, ಒಳ್ಳೆಯ ಕಂಪ್ರೆಷನ್ ಫಿಟಿಂಗ್ ಇವು ಚೊಕ್ಕಟವಾಗಿಟ್ಟರೆ ತುಂಬಾ ಸಲ ತಡೆಯುತ್ತವೆ. ಮೆತ್ತಗಿನ ತಾಮ್ರದ ಫ್ಲೇರ್ ಪ್ರತಿ ಸಲವೂ ಸ್ವಲ್ಪ ತೆಳುವಾಗುತ್ತದೆ, ಸ್ವಲ್ಪ ಗಟ್ಟಿಯಾಗುತ್ತದೆ. ಫ್ಲೇರ್‌ನ ಬುಡದಲ್ಲಿ ಮೆಟ್ಟಿಲಿನಂಥ ಗುರುತು ಆಳವಾಗಿ ಕಂಡರೆ ಕತ್ತರಿಸಿ ಹೊಸದು ಮಾಡಿ. ಅದಕ್ಕೇ ಪೈಪು ಹಾಕುವಾಗ ತುದಿಯಲ್ಲಿ ಒಂದಿಷ್ಟು ಉದ್ದ ಜಾಸ್ತಿ ಬಿಟ್ಟಿರಬೇಕು.

ಬಿಚ್ಚಿಟ್ಟ ತುದಿಗಳಿಗೆ ಕೂಡಲೇ ಮುಚ್ಚಳ ಹಾಕಿ. ಸೀಟಿಗೆ ಏಟು ಬೀಳುವುದು ಓಡುವಾಗಲ್ಲ, ನೆಲದ ಮೇಲೆ ಉರುಳುವಾಗ.

ಎರಡೂ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬಹುದಾ?

ಹಾಕಬಹುದು, ಆದರೆ ಥ್ರೆಡ್ ಹಿಡಿದುಕೊಳ್ಳುವ ಕಾಟ ಇದೆ. ಸ್ಟೇನ್‌ಲೆಸ್ ಮೇಲಿನ ತೆಳು ಆಕ್ಸೈಡ್ ಪದರ ಉಜ್ಜಿ ಹೋದಾಗ ಲೋಹಕ್ಕೆ ಲೋಹ ಅಂಟಿ, ಕಿತ್ತು, ಮತ್ತೆ ಅಂಟಿ, ನಟ್ ನಡುದಾರಿಯಲ್ಲೇ ನಿಲ್ಲುತ್ತದೆ. ಆಮೇಲೆ ಕತ್ತರಿಸುವುದೊಂದೇ ದಾರಿ. ಥ್ರೆಡ್ಡಿಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ನಿಧಾನವಾಗಿ ತಿರುಗಿಸಿ. ನಟ್ಟಿಗೆ ಬೆಳ್ಳಿಯ ಲೇಪನ ಇರುವ ಫಿಟಿಂಗ್ ಇರುವುದೂ ಇದಕ್ಕೇ.

ಬಿಸಿಯಾದಾಗ ಸೋರಿ, ತಣ್ಣಗಾದಾಗ ನಿಲ್ಲುತ್ತದೆ. ಯಾಕೆ?

ನಟ್ ಮತ್ತು ಫಿಟಿಂಗ್ ಬೇರೆ ಬೇರೆ ಲೋಹ ಆಗಿರಬೇಕು. ಒಂದು ಮೀಟರ್ ಉದ್ದಕ್ಕೆ ಪ್ರತಿ ಡಿಗ್ರಿಗೆ ಉಕ್ಕು ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ, ಸ್ಟೇನ್‌ಲೆಸ್ 16-17, ಹಿತ್ತಾಳೆ 19, ಅಲ್ಯೂಮಿನಿಯಂ 23. ಉಕ್ಕಿನ ಮೇಲೆ ಹಿತ್ತಾಳೆ ನಟ್ ಇದ್ದು, ಎಳೆತ ಬೀಳುವ ಉದ್ದ 20 ಮಿ.ಮೀ. ಅಂದುಕೊಳ್ಳಿ. 100 ಡಿಗ್ರಿ ಬಿಸಿಯಾದರೆ ನಟ್ ಉಕ್ಕಿಗಿಂತ 0.014 ಮಿ.ಮೀ. ಹೆಚ್ಚು ಉದ್ದವಾಗುತ್ತದೆ. ಸಣ್ಣದು ಅನಿಸುತ್ತದೆ. ಆದರೆ ಆ ನಟ್ಟನ್ನು 100 ಮೆಗಾಪಾಸ್ಕಲ್‌ಗೆ ಬಿಗಿದಾಗ ಅದು ಜಗ್ಗಿದ್ದೇ 0.02 ಮಿ.ಮೀ. ಆಸುಪಾಸು. ಅಂದರೆ ಬಿಗಿಯ ಮುಕ್ಕಾಲು ಭಾಗದ ಹತ್ತಿರ ಬಿಸಿಗೇ ಹೋಯಿತು.

ನಟ್ ಮತ್ತು ಮೈ ಒಂದೇ ಲೋಹದ್ದಾಗಿರಲಿ, ಮೆತ್ತಗಿನ ಲೋಹ ಸೀಟಿನಲ್ಲಿ ಮಾತ್ರ ಇರಲಿ. ನಟ್ ಸ್ವಲ್ಪ ಉದ್ದ ಇದ್ದರೆ ಇನ್ನೂ ಒಳ್ಳೆಯದು. ಉದ್ದ ನಟ್ ಹೆಚ್ಚು ಜಗ್ಗುತ್ತದೆ, ಸೀಟು ಒಂದಿಷ್ಟು ತಗ್ಗಿದರೂ ಅದರ ಎಳೆತ ಪೂರ್ತಿ ಹೋಗುವುದಿಲ್ಲ.

ನಡುಗುವ ಯಂತ್ರದ ಮೇಲೆ ನಿಲ್ಲುತ್ತದೆಯೇ?

ಪೈಪಿಗೆ ಹತ್ತಿರದಲ್ಲೇ ಕ್ಲಾಂಪ್ ಹಾಕಿದರೆ ನಿಲ್ಲುತ್ತದೆ. ಫಿಟಿಂಗ್ ಪೈಪಿನ ತೂಕ ಹೊರಬಾರದು. ಪೈಪನ್ನು ಎಳೆದು ತಂದು ನಟ್ಟಿನಿಂದ ಸೇರಿಸುವುದೂ ಬೇಡ. ನಟ್ ಬಿಚ್ಚಿದಾಗ ಪೈಪಿನ ಮೂತಿ ತನ್ನಷ್ಟಕ್ಕೆ ಸೀಟಿನ ಎದುರಲ್ಲೇ ನಿಲ್ಲಬೇಕು. ಪಕ್ಕಕ್ಕೆ ಜಿಗಿದರೆ ಪೈಪನ್ನು ಮತ್ತೆ ಬಾಗಿಸಿ ಸರಿ ಮಾಡಿ.

ದೊಡ್ಡ ಪೈಪಿಗೂ ಇದೇ ಉಪಾಯ ನಡೆಯುತ್ತದಾ?

50 ಮಿ.ಮೀ. ದಾಟಿದ ಮೇಲೆ ಕಷ್ಟ. ವ್ಯಾಸ ಎರಡು ಪಟ್ಟಾದರೆ ಒತ್ತಡ ತಳ್ಳುವ ಬಲ ನಾಲ್ಕು ಪಟ್ಟು. ಒಂದೇ ನಟ್ಟಿನಿಂದ ಅಷ್ಟು ಎಳೆಯಲು ಉದ್ದನೆ ಸ್ಪ್ಯಾನರೂ ಸಾಲುವುದಿಲ್ಲ. ಅಲ್ಲಿ ಬೋಲ್ಟ್ ಹಾಕುವ ಫ್ಲೇಂಜ್ ಬೇಕು, ಹೆಚ್ಚಾಗಿ ನಡುವೆ ಪ್ರತ್ಯೇಕ ಲೋಹದ ಉಂಗುರವೂ ಬೇಕು.

ಪರೀಕ್ಷೆ ಹೇಗೆ ಮಾಡಲಿ?

ಮೊದಲು ನೀರಿನಿಂದ. ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಪಂಪ್ ಮುಚ್ಚಿ, ಗೇಜ್ ನೋಡಿ. ಒಳಗೆ ಗಾಳಿ ಉಳಿಯದಂತೆ ಮೇಲಿನ ತುದಿಯಿಂದ ಹೊರಬಿಡಿ. ನೀರು ಹಿಂಡಿಕೊಳ್ಳುವುದಿಲ್ಲ, ಏನಾದರೂ ಬಿಟ್ಟುಕೊಂಡರೂ ಒತ್ತಡ ಕೂಡಲೇ ಇಳಿಯುತ್ತದೆ. ಅದೇ ಒತ್ತಡದ ಗಾಳಿ ಸ್ಪ್ರಿಂಗಿನ ಹಾಗೆ ಶಕ್ತಿ ತುಂಬಿಕೊಂಡಿರುತ್ತದೆ, ಫಿಟಿಂಗ್ ಬಿಟ್ಟರೆ ಗುಂಡಿನಂತೆ ಹಾರುತ್ತದೆ. ಗಾಳಿ ಪರೀಕ್ಷೆ ಬೇಕೇ ಬೇಕು ಅಂದರೆ ಕಡಿಮೆ ಒತ್ತಡದಲ್ಲಿ, ಸಾಬೂನು ನೀರು ಹಚ್ಚಿ, ಮುಖ ಪಕ್ಕಕ್ಕಿಟ್ಟು ನೋಡಿ.

ನೀರಿಗೆ ನಿಂತ ಜೋಡಣೆ ಗ್ಯಾಸಿಗೆ ನಿಲ್ಲಲೇಬೇಕು ಅಂತೇನಿಲ್ಲ. ನೀರು ಹಾಯದ ಸಂದಿನಲ್ಲಿ ಗ್ಯಾಸ್ ಹಾಯುತ್ತದೆ. ಅಡುಗೆ ಅನಿಲ, ಫ್ರಿಜ್ ಗ್ಯಾಸ್‌ನಂಥವಕ್ಕೆ ಆ ಕೆಲಸಕ್ಕೆಂದೇ ತಯಾರಾದ ಫಿಟಿಂಗ್ ಹಾಕಿ, ಪರವಾನಗಿ ಇರುವವರಿಂದ ಪರೀಕ್ಷೆ ಮಾಡಿಸಿ. ಅಂಥ ಲೈನಿಗೆ ಸ್ವಂತ ಲೇತ್‌ನಲ್ಲಿ ಕಡೆದ ಯೂನಿಯನ್ ಹಾಕಬೇಡಿ, ಅದು ಎಷ್ಟೇ ಚೆನ್ನಾಗಿ ಬಂದಿದ್ದರೂ.